ಕ್ಯಾಸೆಟ್ಟಿನ ಅಲ್ಲಾದ್ದೀನನ ಕೈಯಲ್ಲಿ ಕತ್ತಿ ಇತ್ತೋ ಇಲ್ಲವೋ?

ಕೋಡಿಬಾಗ_ಹುಡುಗ (ಶನಿವಾರ, ರಾತ್ರಿ 9:10)

ಕಾರವಾರದಲ್ಲಿ ಮೂರು ದಿನದಿಂದ ಮಳೆ ಬಿಟ್ಟಿಲ್ಲ. ಮನೆಯಲ್ಲೇ ಕೂತು ಬೇಜಾರಾಗಿ, ಮಗನಿಗೆ ಹಳೇ ಆಟ ತೋರಿಸೋಣ ಅಂತ ಫೋನಿಗೆ ಎಮ್ಯುಲೇಟರ್ (ಹಳೇ ಯಂತ್ರದ ಆಟ ಓಡಿಸುವ ಆ್ಯಪ್) ಹಾಕಿದೆ. ಮೊದಲು ತೆಗೆದದ್ದು ಅಲ್ಲಾದ್ದೀನ್, ಸೆಗಾ ಕಂಪನಿಯ ಮೆಗಾ ಡ್ರೈವ್ ಎಂಬ ಟಿವಿ ಗೇಮ್ ಯಂತ್ರದ್ದು. ಮಗನಿಗೆ ಖುಷಿಯೋ ಖುಷಿ. ನಾನು ಮಾತ್ರ ಪೆಚ್ಚಾದೆ. ಇದು ನಾನು ಆಡಿದ ಆಟವೇ ಅಲ್ಲ.

ನಮ್ಮನೆಯಲ್ಲಿ ಇದ್ದದ್ದು ಎಂಟು ಬಿಟ್ಟಿನ ಟಿವಿ ಗೇಮ್, ಮೆಗಾ ಡ್ರೈವಿಗಿಂತ ಶಕ್ತಿ ಕಡಿಮೆಯ ಯಂತ್ರ. ಮೇಲಿಂದ ಹಳದಿ ಕ್ಯಾಸೆಟ್ ತೂರಿಸುವಂಥದ್ದು. 1996ರಲ್ಲಿ ಅಪ್ಪ ಮಡಗಾಂವಿಗೆ ಹೋದಾಗ ತಂದಿದ್ದರು. ಅದರಲ್ಲೂ ಅಲ್ಲಾದ್ದೀನ್ ಇತ್ತು. ಅವನು ಕತ್ತಿ ಬೀಸುತ್ತಿದ್ದ ಅಂತ ನನಗೆ ಚೆನ್ನಾಗಿ ನೆನಪಿದೆ. ಆದರೆ ತಂಗಿಗೆ ಫೋನ್ ಮಾಡಿ ಕೇಳಿದರೆ ಅವಳು ನಗುತ್ತಾಳೆ. "ಕತ್ತಿ ಎಲ್ಲಿತ್ತೋ ಮಾರಾಯಾ, ತಲೆ ಮೇಲೆ ಹಾರಿ ಹಾರಿ ಅಲ್ವಾ ನಾವು ಹೊಡೀತಿದ್ದದ್ದು?"

ಇಬ್ಬರೂ ಒಂದೇ ಚಾಪೆ ಮೇಲೆ ಕೂತು ಆಡಿದವರು. ಯಾರು ಸರಿ? ಮೆಗಾ ಡ್ರೈವಿನ ಆಟವನ್ನೇ ಕುಗ್ಗಿಸಿ ನಮ್ಮ ಕ್ಯಾಸೆಟ್ಟಿಗೆ ತುಂಬಿದ್ದರೋ, ಅಥವಾ ನಮ್ಮದು ಬೇರೆಯೇ ಆಟವೋ? ಗೊತ್ತಿದ್ದವರು ಹೇಳಿ.

ಮಲ್ಲಾಪುರ_ಕಾಲೋನಿ (ರಾತ್ರಿ 9:32)

ಕತ್ತಿ ಇತ್ತು. ಇರಲೇಬೇಕು. ಅಲ್ಲಾದ್ದೀನ್ ಅಂದರೆ ಮೆಗಾ ಡ್ರೈವಿನದ್ದು, ಉಳಿದವೆಲ್ಲ ಅದರ ನಕಲು.

ನಮ್ಮ ಕೈಗಾ ಕಾಲೋನಿಯಲ್ಲಿ ಮೆಗಾ ಡ್ರೈವ್ ಇದ್ದದ್ದು ನಮ್ಮನೆಯಲ್ಲಿ ಮಾತ್ರ. ಮಾಮ ಹಡಗಿನಲ್ಲಿದ್ದರು, ಸಿಂಗಾಪುರದಿಂದ ತಂದಿದ್ದರು. ಸಂಜೆಯಾದರೆ ಬಾಗಿಲಲ್ಲಿ ಚಪ್ಪಲಿ ರಾಶಿ. ಆ ಆಟ ಸಿನಿಮಾ ನೋಡಿದ ಹಾಗೇ ಇತ್ತು. ಯಾಕೆಂದರೆ ಡಿಸ್ನಿಯ ಆನಿಮೇಟರ್‌ಗಳೇ ಕಾಗದದ ಮೇಲೆ ಬಿಡಿಸಿದ ಚಿತ್ರಗಳನ್ನು ಕಂಪ್ಯೂಟರಿಗೆ ಏರಿಸಿ ಆಟದೊಳಗೆ ಹಾಕಿದ್ದರು. ವರ್ಜಿನ್ ಕಂಪನಿಯಲ್ಲಿ ಡೇವಿಡ್ ಪೆರಿ ಮತ್ತು ತಂಡ ಮಾಡಿದ ಕೆಲಸ. ಸಿನಿಮಾ 1992ರದ್ದು, ಆಟ 1993ರದ್ದು.

ಮೊದಲ ಸ್ಟೇಜಿನ ಪೇಟೆಯನ್ನೇ ನೋಡಿ. ಕತ್ತಿಯಿಂದ ಹೊಡೆದರೆ ದಪ್ಪ ಕಾವಲುಗಾರನ ಚಡ್ಡಿ ಜಾರುತ್ತದೆ, ಅವನು ಅದನ್ನು ಹಿಡಿದುಕೊಂಡು ಪರದಾಡುತ್ತಾನೆ. ಒಂಟೆ ಬೆನ್ನಿನ ಮೇಲೆ ಹಾರಿದರೆ ಅದು ಥೂ ಅಂತ ಉಗುಳುತ್ತದೆ. ಅಲ್ಲಾದ್ದೀನ್ ಸುಮ್ನೆ ನಿಂತರೂ ಸುಮ್ನೆ ನಿಲ್ಲುವುದಿಲ್ಲ. ಎಂಟು ಬಿಟ್ಟಿನ ಡಬ್ಬಿಯಲ್ಲಿ ಇದೆಲ್ಲ ಹೇಗೆ ಬರಬೇಕು?

ಅಘನಾಶಿನಿ_ತೀರ (ರಾತ್ರಿ 9:51)

"ಉಳಿದವೆಲ್ಲ ನಕಲು" ಅನ್ನುವುದು ತಪ್ಪು, ಮಲ್ಲಾಪುರದವರೇ.

ಮೆಗಾ ಡ್ರೈವಿನ ಎದುರಾಳಿ ಯಂತ್ರ ಸೂಪರ್ ನಿಂಟೆಂಡೊದ ಅಲ್ಲಾದ್ದೀನ್ ಕೂಡ 1993ರದ್ದೇ. ಅದನ್ನು ಮಾಡಿದ್ದು ಕ್ಯಾಪ್‌ಕಾಮ್, ಜಪಾನಿನಲ್ಲಿ. ವಿನ್ಯಾಸ ಶಿಂಜಿ ಮಿಕಾಮಿ ಅವರದ್ದು. ಮೂರು ವರ್ಷದ ಮೇಲೆ ರೆಸಿಡೆಂಟ್ ಈವಿಲ್ ಎಂಬ ಹೆದರಿಸುವ ಆಟ ಮಾಡಿದವರು ಇವರೇ. ಒಂದೇ ಸಿನಿಮಾ, ಎರಡು ಕಂಪನಿ, ಎರಡು ಲೈಸೆನ್ಸ್. ಒಂದನ್ನು ನೋಡಿ ಇನ್ನೊಂದನ್ನು ಮಾಡಿದ್ದಲ್ಲ.

ಅದರಲ್ಲಿ ಅಲ್ಲಾದ್ದೀನನಿಗೆ ಕತ್ತಿ ಇಲ್ಲ. ಸೇಬು ಎಸೆಯುತ್ತಾನೆ, ಇಲ್ಲವೇ ತಲೆ ಮೇಲೆ ಹಾರುತ್ತಾನೆ. ಹಾರಿದವನು ಅಲ್ಲಿಂದಲೇ ಚಿಮ್ಮಿ ಗೋಡೆಯ ಅಂಚು ಹಿಡಿಯುತ್ತಾನೆ. ಕಂಬ ಸಿಕ್ಕರೆ ಜೋತು ಬಿದ್ದು ತಿರುಗುತ್ತಾನೆ. ಬಟ್ಟೆ ಸಿಕ್ಕರೆ ಅದನ್ನು ಕೊಡೆಯ ಹಾಗೆ ಹಿಡಿದು ತೇಲುತ್ತಾ ಇಳಿಯುತ್ತಾನೆ. ಒಮ್ಮೆ ಕೈ ಕೂತರೆ ನೆಲ ಮುಟ್ಟದೆ ಅರ್ಧ ಸ್ಟೇಜ್ ದಾಟಬಹುದು. ಮೆಗಾ ಡ್ರೈವಿನದ್ದು ನೋಡಲು ಚಂದ, ಒಪ್ಪಿದೆ. ಆದರೆ ಕತ್ತಿ ಎಲ್ಲಿ ತಾಗುತ್ತದೆ, ಎಲ್ಲಿ ತಾಗುವುದಿಲ್ಲ ಅಂತ ಹತ್ತು ಸಲ ಆಡಿದರೂ ನನಗೆ ಗೊತ್ತಾಗಲಿಲ್ಲ. ಆಡಲು ಚಂದ ಬೇಕೆಂದರೆ ಕ್ಯಾಪ್‌ಕಾಮಿನದ್ದು.

ಕೋಡಿಬಾಗದವರೇ, ನಿಮ್ಮ ತಂಗಿಯ ಮಾತು ಗಮನಿಸಿ. "ತಲೆ ಮೇಲೆ ಹಾರಿ" ಅಂದಳಲ್ಲ? ಅದು ಈ ಕಡೆಯ ಲಕ್ಷಣ.

ಮಲ್ಲಾಪುರ_ಕಾಲೋನಿ (ರಾತ್ರಿ 9:58)

ಮಿಕಾಮಿಯವರೇ ಮುಂದೆ ಒಂದು ಸಂದರ್ಶನದಲ್ಲಿ ಏನು ಹೇಳಿದರು ಗೊತ್ತಲ್ಲ? ತಾನು ಆ ಆಟ ಮಾಡಿರದಿದ್ದರೆ ಸೆಗಾದ್ದನ್ನೇ ಕೊಳ್ಳುತ್ತಿದ್ದೆ ಎಂಬರ್ಥದ ಮಾತು. ಅಡುಗೆ ಮಾಡಿದವರೇ ಪಕ್ಕದ ಮನೆ ಊಟ ಚಲೋ ಅಂದಮೇಲೆ ನಾವೇನು ವಾದ ಮಾಡೋದು.

ಅಘನಾಶಿನಿ_ತೀರ (ರಾತ್ರಿ 10:03)

ತನ್ನ ಅಡುಗೆ ತನಗೇ ರುಚಿಸೋದಿಲ್ಲ, ಕೇಳಿಲ್ವಾ? ನಮ್ಮಮ್ಮನೂ ಹಬ್ಬದ ದಿನ ಹಾಗೇ ಅನ್ನೋದು. ಬಡಿಸಿಕೊಂಡವರು ಮಾತ್ರ ಎರಡು ಸಲ ಹಾಕಿಸಿಕೊಳ್ಳುತ್ತಾರೆ.

ಬಿಡಕಿಬೈಲ್ (ರಾತ್ರಿ 10:20)

ನಾನು ಶಿರಸಿಯವನು. ಇಬ್ಬರದ್ದೂ ನನಗೆ ಗೊತ್ತಿರಲಿಲ್ಲ. ನಮಗೆ ಅಲ್ಲಾದ್ದೀನ್ ಅಂದರೆ ಕಂಪ್ಯೂಟರ್ ಕ್ಲಾಸಿನ ಡಾಸ್ (ಹಳೇ ಪಿಸಿಯ ವ್ಯವಸ್ಥೆ) ಆಟ.

1998 ಇರಬೇಕು. ಪಿಯುಸಿ ಮುಗಿಸಿ ಬೇಸಿಕ್, ವರ್ಡ್‌ಸ್ಟಾರ್ ಅಂತ ಕಲಿಯಲು ಹೋಗುತ್ತಿದ್ದೆವು. ಸರ್ ಊಟಕ್ಕೆ ಹೋದ ಕೂಡಲೇ ಯಾರಾದರೂ ಕಪ್ಪು ಪರದೆಯ ಮೇಲೆ ಆ ಹೆಸರು ಟೈಪ್ ಮಾಡುತ್ತಿದ್ದರು. ಮೆಗಾ ಡ್ರೈವಿನ ಆಟವನ್ನೇ 1994ರಲ್ಲಿ ಡಾಸ್‌ಗೆ ತಂದದ್ದು ಅದು. ಅದೇ ಒಂಟೆ, ಅದೇ ಚಡ್ಡಿ, ಅದೇ ಕತ್ತಿ. ಬಣ್ಣವಂತೂ ಮೂಲಕ್ಕಿಂತ ಜಾಸ್ತಿ. ಪಿಸಿಯ ವಿಜಿಎ ಪರದೆಯಲ್ಲಿ ಒಮ್ಮೆಗೆ 256 ಬಣ್ಣ ತೋರಿಸಬಹುದಿತ್ತು, ಮೆಗಾ ಡ್ರೈವಿನಲ್ಲಿ 64ರ ಒಳಗೇ ಸುಧಾರಿಸಬೇಕಿತ್ತು.

ಆದರೆ ಎತ್ತರ ಕಡಿಮೆ. ಮೆಗಾ ಡ್ರೈವಿನ ಪರದೆ 320 ಅಡ್ಡ, 224 ಉದ್ದ. ಡಾಸಿನಲ್ಲಿ 320, 200. ಮೇಲೆ ಕೆಳಗೆ ಸೇರಿ 24 ಗೆರೆ ಹೋಯಿತು. ಕೆಳಗೆ ಕಿಚ್ಚಿದೆಯೋ ಕಟ್ಟೆಯಿದೆಯೋ ಕಾಣದೆ ಹಾರಿ ಸತ್ತದ್ದಕ್ಕೆ ಲೆಕ್ಕವಿಲ್ಲ. ಕ್ಲಾಸಿನಲ್ಲಿ ಸೌಂಡ್ ಕಾರ್ಡ್ ಇದ್ದದ್ದು ಒಂದೇ ಮಶಿನ್ನಿಗೆ, ಅದು ಸರ್ ಕೂರುವ ಮಶಿನ್. ನಾವು ಇಡೀ ಆಟ ಮೂಕಿಚಿತ್ರದ ಹಾಗೆ ಆಡಿದವರು. ಮೊನ್ನೆ ಮೊದಲ ಸಲ ಶಬ್ದದ ಜೊತೆ ಆಡಿದೆ. ಒಂಟೆ ಉಗುಳುವ ಸದ್ದು ಕೇಳಿ ಬೆಚ್ಚಿಬಿದ್ದೆ.

ಅಂದಹಾಗೆ ಕ್ಯಾಸೆಟ್ಟಿನ ಆಟವನ್ನೂ ಒಮ್ಮೆ ನೋಡಿದ್ದೇನೆ. ಮಾರಿಕಾಂಬಾ ಜಾತ್ರೆಯಲ್ಲಿ, ಬಿಡಕಿಬೈಲಿನ ಅಂಗಡಿ ಸಾಲಿನಲ್ಲಿ. ಒಬ್ಬ ಪುಟ್ಟ ಟಿವಿ ಇಟ್ಟುಕೊಂಡು ಹತ್ತು ನಿಮಿಷಕ್ಕೆ ಇಷ್ಟು ಅಂತ ಆಡಿಸುತ್ತಿದ್ದ. ಸರದಿ ಬರುವಷ್ಟರಲ್ಲಿ ಅಣ್ಣ ಕಿವಿ ಹಿಡಿದು ಎಳೆದುಕೊಂಡು ಹೋದ. ಜಾತ್ರೆ ಬರುವುದು ಎರಡು ವರ್ಷಕ್ಕೊಮ್ಮೆ. ಮುಂದಿನ ಜಾತ್ರೆಗೆ ಆ ಅಂಗಡಿ ಬರಲಿಲ್ಲ.

ಕೋಡಿಬಾಗ_ಹುಡುಗ (ರಾತ್ರಿ 10:31)

ಅಯ್ಯೋ, ಹಾಗಾದರೆ ಎರಡು ವಂಶ ಇದೆ ಅಂತಾಯ್ತು. ಕತ್ತಿಯ ವಂಶ, ತಲೆ ಮೇಲೆ ಹಾರುವ ವಂಶ. ನಮ್ಮ ಎಂಟು ಬಿಟ್ಟಿನದ್ದು ಯಾವುದಕ್ಕೆ ಸೇರಿದ್ದು?

ಬೈತಖೋಲ_ರಿಪೇರಿ (ಭಾನುವಾರ, ಬೆಳಿಗ್ಗೆ 7:15)

ಎರಡರಲ್ಲಿ ಯಾವುದಕ್ಕಾದರೂ ಸೇರಿರಬಹುದು. ಅದಕ್ಕೇ ಈ ಗೊಂದಲ.

ಇಪ್ಪತ್ತು ವರ್ಷ ಟಿವಿ, ಟೇಪ್ ರೆಕಾರ್ಡರ್, ಟಿವಿ ಗೇಮ್ ರಿಪೇರಿ ಮಾಡಿದವನು ನಾನು. ಸ್ವಲ್ಪ ಉದ್ದ ಆಗುತ್ತದೆ, ಚಾ ಇಟ್ಟುಕೊಂಡು ಓದಿ.

ನಮ್ಮಲ್ಲಿ ಮಾರುತ್ತಿದ್ದ ಟಿವಿ ಗೇಮ್‌ಗಳು ನಿಂಟೆಂಡೊದ ಫ್ಯಾಮಿಕಾಮ್ ಎಂಬ ಯಂತ್ರದ ನಕಲುಗಳು. ಜಪಾನಿನಲ್ಲಿ 1983ರಲ್ಲಿ ಬಂದ ಯಂತ್ರ. ಅದೇ ಅಮೆರಿಕ, ಯುರೋಪಿಗೆ ಹೋಗುವಾಗ ಎನ್‌ಇಎಸ್ ಅಂತಾಯಿತು. ಒಳಗಿನ ಜೀವ ಒಂದೇ, ಬಾಯಿ ಬೇರೆ. ಫ್ಯಾಮಿಕಾಮ್ ಕ್ಯಾಸೆಟ್ಟಿಗೆ 60 ಪಿನ್, ಎನ್‌ಇಎಸ್ ಕ್ಯಾಸೆಟ್ಟಿಗೆ 72. ನಮ್ಮ ಹಳದಿ ಕ್ಯಾಸೆಟ್ 60 ಪಿನ್ನಿನದ್ದು.

ಈಗ ಅಲ್ಲಾದ್ದೀನ್. ಎನ್‌ಇಎಸ್‌ಗೆ ಅಧಿಕೃತವಾಗಿ ಬಂದ ಅಲ್ಲಾದ್ದೀನ್ ಒಂದಿದೆ. ಯುರೋಪಿನಲ್ಲಿ ಮಾತ್ರ ಮಾರಿದರು. ಅದು ಮೆಗಾ ಡ್ರೈವಿನ ಕತ್ತಿಯ ವಂಶ. 72 ಪಿನ್ನಿನ ಆ ಕ್ಯಾಸೆಟ್ ನಮ್ಮ ಡಬ್ಬಿಗೆ ಕೂರುವುದೇ ಇಲ್ಲ. ಅಂದರೆ ಮಡಗಾಂವಿನಲ್ಲೋ ಹುಬ್ಬಳ್ಳಿಯಲ್ಲೋ ಸಿಕ್ಕಿದ್ದು ಒಂದೋ ಅದರ ಕಳ್ಳಪ್ರತಿ, ಇಲ್ಲವೇ ತೈವಾನಿನ ಕಡೆ ಲೈಸೆನ್ಸ್ ಇಲ್ಲದೆ ಹೊಸದಾಗಿ ಬರೆದ ಆಟ. ಅಲ್ಲಿನವರು ದೊಡ್ಡ ಯಂತ್ರದ ಆಟ ನೋಡಿ ನೋಡಿ ಪುಟ್ಟ ಯಂತ್ರಕ್ಕೆ ತಾವೇ ಬರೆಯುತ್ತಿದ್ದರು. ಕಳ್ಳಮಾಲು ಹೌದು. ಆದರೆ ಬರೆದವನಿಗೆ ಕೈಚಳಕ ಇರಲಿಲ್ಲ ಅನ್ನಬೇಡಿ.

ಈಗ ಮುಖ್ಯ ವಿಷಯ. ಯಾವ ಆಟ ಕುಗ್ಗಿಸಿದರೆ ಉಳಿಯುತ್ತದೆ, ಯಾವುದು ಸಾಯುತ್ತದೆ?

ಆ ಎಂಟು ಬಿಟ್ಟಿನ ಯಂತ್ರದಲ್ಲಿ ಓಡಾಡುವ ಚಿತ್ರಗಳೆಲ್ಲ ಎಂಟು ಚುಕ್ಕಿ ಅಗಲದ ಪುಟ್ಟ ಚೂರುಗಳು. ಸ್ಪ್ರೈಟ್ ಅನ್ನುತ್ತಾರೆ. ಪರದೆಯ ಮೇಲೆ ಒಟ್ಟು 64 ಚೂರು ಇಡಬಹುದು. ಆದರೆ ಅಡ್ಡ ಒಂದು ಗೆರೆಯಲ್ಲಿ ಎಂಟೇ ಚೂರು. ಒಂಬತ್ತನೆಯದು ಕಾಣುವುದಿಲ್ಲ, ಅಷ್ಟೇ. ಈಗ ಲೆಕ್ಕ ಹಾಕಿ. ಅಲ್ಲಾದ್ದೀನ್ ಮೂರು ಚೂರು ಅಗಲ ಅಂತ ಇಟ್ಟುಕೊಳ್ಳಿ. ಕಾವಲುಗಾರ ದಪ್ಪ, ನಾಲ್ಕು ಚೂರು. ಒಟ್ಟು ಏಳು. ಕತ್ತಿ ಮುಂದೆ ಚಾಚಿದರೆ ಇನ್ನೆರಡು. ಒಂಬತ್ತಾಯಿತು. ಎಲ್ಲರೂ ಒಂದೇ ನೆಲದ ಮೇಲೆ ನಿಂತಿರುವುದರಿಂದ ಒಂದೇ ಗೆರೆಯಲ್ಲಿ ಬರುತ್ತಾರೆ. ಯಾರದೋ ಹೊಟ್ಟೆ ಮಾಯ.

ಇದಕ್ಕೆ ಪ್ರೋಗ್ರಾಮರ್‌ಗಳು ಒಂದು ಉಪಾಯ ಮಾಡುತ್ತಿದ್ದರು. ಪ್ರತಿ ಚಿತ್ರಕ್ಕೂ ಚೂರುಗಳ ಸರದಿ ಬದಲಿಸುವುದು. ಈ ಸಲ ಕಾವಲುಗಾರನ ಹೊಟ್ಟೆ ಹೋದರೆ ಮುಂದಿನ ಸಲ ಅಲ್ಲಾದ್ದೀನನ ಕಾಲು. ಕಣ್ಣಿಗೆ ಮಿನುಗಿದ ಹಾಗೆ ಕಾಣುತ್ತದೆ. ನೀವು "ಟಿವಿ ಸರಿ ಇಲ್ಲ" ಅಂತ ಮೇಲೆ ಕುಟ್ಟುತ್ತಿದ್ದಿರಲ್ಲ, ಪಾಪ, ಟಿವಿಯದ್ದೇನೂ ತಪ್ಪಿರಲಿಲ್ಲ. ಮೆಗಾ ಡ್ರೈವಿನಲ್ಲಿ ಒಂದು ಗೆರೆಗೆ 20 ಚೂರು ನಡೆಯುತ್ತದೆ, ಅವು ಇನ್ನೂ ಅಗಲ ಇರಬಹುದು. ಹಾಗಾಗಿ ಅಲ್ಲಿ ಈ ರಗಳೆ ಕಡಿಮೆ.

ಬಣ್ಣದ್ದೂ ಹಾಗೇ. ಒಂದು ಚೂರಿಗೆ ಮೂರೇ ಬಣ್ಣ. ಅಲ್ಲಾದ್ದೀನನಿಗೆ ಏನೇನು ಬೇಕು? ಮೈ ಬಣ್ಣ, ಕಪ್ಪು ಕೂದಲು, ನೇರಳೆ ಅಂಗಿ, ಬಿಳಿ ಚಡ್ಡಿ, ಕೆಂಪು ಟೊಪ್ಪಿ. ಐದಾಯಿತು. ಎರಡನ್ನು ಬಿಡಬೇಕು, ಇಲ್ಲವೇ ಮೇಲೊಂದು ಚೂರು ಅಂಟಿಸಬೇಕು. ಅಂಟಿಸಿದರೆ ಮತ್ತೆ ಎಂಟರ ಲೆಕ್ಕ ಕೆಡುತ್ತದೆ.

ಮೆಗಾ ಡ್ರೈವಿನ ಅಲ್ಲಾದ್ದೀನ್ ಕ್ಯಾಸೆಟ್ 2 ಎಂಬಿ. ಅದರ ಜೀವ ಇರುವುದೇ ಆ ಚಿತ್ರಗಳಲ್ಲಿ. ಎಂಟು ಬಿಟ್ಟಿನ ಕ್ಯಾಸೆಟ್‌ಗಳು ಹೆಚ್ಚಿನವು ಅರ್ಧ ಎಂಬಿಯ ಒಳಗೆ. ಚಿತ್ರ ಕಿತ್ತು ಹಾಕಿದ ಮೇಲೆ ಉಳಿಯುವುದೇನು? ಕತ್ತಿ ಬೀಸುವ ಒಂದು ಬೊಂಬೆ. ಕ್ಯಾಪ್‌ಕಾಮಿನ ಆಟದ ಜೀವ ಇರುವುದು ಹಾರುವುದರಲ್ಲಿ, ಜೋತು ಬೀಳುವುದರಲ್ಲಿ. ಅದು ಲೆಕ್ಕಾಚಾರ. ಲೆಕ್ಕಾಚಾರಕ್ಕೆ ಜಾಗ ಜಾಸ್ತಿ ಬೇಡ, ಎಂಟು ಬಿಟ್ಟಿಗೂ ಇಳಿಯುತ್ತದೆ. ಹಾಗಾಗಿ ಮೆಗಾ ಡ್ರೈವಿನ ಅಭಿಮಾನಿಗಳು ಬೇಸರ ಮಾಡಿಕೊಳ್ಳಬಾರದು, ನಿಮ್ಮದು ಚಂದದ ಆಟ. ಚಂದ ಇರುವುದರಿಂದಲೇ ಅದು ಕುಗ್ಗಿಸಲು ಬಾರದ ಆಟ.

ಗುಡ್ಡದ_ಮೇಲಿನವ (ಬೆಳಿಗ್ಗೆ 8:40)

ಇಷ್ಟೆಲ್ಲ ಓದಿದ ಮೇಲೆ ಒಂದೇ ಮಾತು. ಎಂಟು ಬಿಟ್ಟಿಗೆ ಕುಗ್ಗಿಸಲು ಹೋಗಲೇಬಾರದು, ಅದಕ್ಕೆಂದೇ ಬರೆಯಬೇಕು. ಸನ್‌ಸಾಫ್ಟಿನ ಬ್ಯಾಟ್‌ಮ್ಯಾನ್ ಆಡಿದ್ದೀರಾ? 1989ರ ಸಿನಿಮಾದ ಮೇಲೆ ಮಾಡಿದ್ದು. ಹಿನ್ನೆಲೆ ಪೂರ್ತಿ ಕಪ್ಪು. ಕಪ್ಪಿನ ಮೇಲೆ ಕಪ್ಪು ಬ್ಯಾಟ್‌ಮ್ಯಾನ್ ಕಾಣುವುದಿಲ್ಲ ಅಂತ ಅವನಿಗೆ ನೇರಳೆ ಬಣ್ಣ ಬಳಿದರು! ಸಿನಿಮಾದ ಬ್ಯಾಟ್‌ಮ್ಯಾನ್ ಮೈಮೇಲೆ ಎಲ್ಲಿದೆ ನೇರಳೆ? ಎಲ್ಲೂ ಇಲ್ಲ. ಸಿನಿಮಾದಲ್ಲಿ ಅವನು ಗೋಡೆಯಿಂದ ಗೋಡೆಗೆ ಚಿಮ್ಮುತ್ತಾ ಮೇಲೇರುವುದೂ ಇಲ್ಲ. ಆದರೂ ನನಗೆ ಅದಕ್ಕಿಂತ ಒಳ್ಳೆಯ ಬ್ಯಾಟ್‌ಮ್ಯಾನ್ ಆಟ ಇಲ್ಲ. ಅದೇ ಕಂಪನಿ 1990ರಲ್ಲಿ ಮೆಗಾ ಡ್ರೈವಿಗೂ ಒಂದು ಬ್ಯಾಟ್‌ಮ್ಯಾನ್ ಮಾಡಿತು, ಬೇರೆಯೇ ಆಟ. ಚಿತ್ರ ಸಿನಿಮಾಕ್ಕೆ ಹತ್ತಿರ. ಒಂದು ಸಲ ಮುಗಿಸಿದೆ, ಮತ್ತೆ ಮುಟ್ಟಲಿಲ್ಲ. ಎಂಟು ಬಿಟ್ಟಿನದ್ದು ಈಗಲೂ ವರ್ಷಕ್ಕೊಮ್ಮೆ ಆಡುತ್ತೇನೆ.

ಮಲ್ಲಾಪುರ_ಕಾಲೋನಿ (ಬೆಳಿಗ್ಗೆ 9:05)

ಬೈತಖೋಲದವರು ಹೇಳಿದ್ದು ಒಪ್ಪಿದೆ, ಅಡ್ಡಿಲ್ಲ. ಒಂದು ಮಾತು ಸೇರಿಸುತ್ತೇನೆ. ಸೂಪರ್ ನಿಂಟೆಂಡೊದ ಪರದೆ 256 ಚುಕ್ಕಿ ಅಗಲ, ನಮ್ಮದು 320. ಅಂದರೆ ಎದುರಿಗೆ ಬರುವವನು ನಮಗೆ ಮೊದಲೇ ಕಾಣುತ್ತಾನೆ. ಆಡಲು ಚಂದ ಅನ್ನುವುದರಲ್ಲಿ ಇದೂ ಲೆಕ್ಕಕ್ಕೆ ಬರಬೇಕಲ್ವಾ?

ಇನ್ನೊಂದು. ಆಟ ನಿಲ್ಲಿಸಿ ಎ, ಬಿ, ಬಿ, ಎ, ಎ, ಬಿ, ಬಿ, ಎ ಒತ್ತಿದರೆ ಸೀದಾ ಮುಂದಿನ ಸ್ಟೇಜ್. ಇದನ್ನು ಕಾಲೋನಿಯಲ್ಲಿ ಯಾರಿಗೂ ಹೇಳದೆ ಎರಡು ವರ್ಷ ನಾನೇ ಚಾಂಪಿಯನ್ ಆಗಿದ್ದೆ. ಈಗ ಹೇಳಿದ್ದೇನೆ. ಹಳೇ ಗೆಳೆಯರು ಇಲ್ಲಿದ್ದರೆ ಕ್ಷಮಿಸಿ.

ಭಟ್ಕಳ_ಪೇಟೆ (ಬೆಳಿಗ್ಗೆ 10:12)

ಕ್ಷಮೆ ಇಲ್ಲ 😄

ನಮ್ಮೂರಿಗೆ ದುಬೈಯಿಂದ ಎಲ್ಲ ಬಗೆಯ ಡಬ್ಬಿ ಬರುತ್ತಿತ್ತು. ಹಾಗಾಗಿ ನಾನು ಹೋಲಿಸಿ ನೋಡಿದ್ದು ಲಯನ್ ಕಿಂಗ್. 1994ರ ಆಟ, ವೆಸ್ಟ್‌ವುಡ್ ಸ್ಟುಡಿಯೋಸ್ ಮಾಡಿದ್ದು. ಇದರಲ್ಲಿ ಅಲ್ಲಾದ್ದೀನಿನ ಹಾಗೆ ಎರಡು ವಂಶ ಇಲ್ಲ. ಸೂಪರ್ ನಿಂಟೆಂಡೊ, ಮೆಗಾ ಡ್ರೈವ್ ಎರಡರಲ್ಲೂ ಒಂದೇ ಆಟ. ಹಾಗಾಗಿ ಹೋಲಿಸಲು ಇದೇ ಸರಿ. ಶಬ್ದ ಸೂಪರ್ ನಿಂಟೆಂಡೊದ್ದು ಮೇಲು, ಅದರ ಸೌಂಡ್ ಚಿಪ್ಪಿನಲ್ಲಿ ನಿಜವಾದ ಸದ್ದುಗಳ ತುಣುಕು ಹಾಕಬಹುದು. ಮೆಗಾ ಡ್ರೈವಿನದ್ದು ಸದ್ದನ್ನು ತಾನೇ ಹುಟ್ಟಿಸುವ ಎಫ್‌ಎಂ ಚಿಪ್ಪು, ಹಾಡು ಬಂದರೆ ತಗಡು ಬಡಿದ ಹಾಗೆ.

ಎರಡನೇ ಸ್ಟೇಜಿನಲ್ಲಿ ಮಂಗಗಳು ಮರಿ ಸಿಂಹವನ್ನು ಚೆಂಡಿನ ಹಾಗೆ ಎಸೆದಾಡುತ್ತವಲ್ಲ, ಅಲ್ಲೇ ಎಲ್ಲರೂ ಸೋಲುತ್ತಿದ್ದದ್ದು. ಅದು ಬೇಕಂತಲೇ ಮಾಡಿದ್ದಂತೆ. ಅಮೆರಿಕದಲ್ಲಿ ಜನ ವಾರಾಂತ್ಯಕ್ಕೆ ಕ್ಯಾಸೆಟ್ ಬಾಡಿಗೆ ತಂದು ಮುಗಿಸಿಬಿಟ್ಟರೆ ಯಾರೂ ಕೊಳ್ಳುವುದಿಲ್ಲ ಅಂತ ಶುರುವಿನಲ್ಲೇ ಕಷ್ಟ ಇಟ್ಟರು. ವೆಸ್ಟ್‌ವುಡ್ಡಿನ ಲೂಯಿಸ್ ಕ್ಯಾಸಲ್ ಇದನ್ನು ಮುಂದೆ ಹೇಳಿದ್ದಾರೆ. ಅಲ್ಲಿನ ಬಾಡಿಗೆ ಅಂಗಡಿಯ ಸಿಟ್ಟು ಇಲ್ಲಿ ಗಂಟೆಗೆ ಐದು ರೂಪಾಯಿ ಕೊಟ್ಟು ಆಡುವ ನಮ್ಮ ಮೇಲೆ!

ಎಂಟು ಬಿಟ್ಟಿನ ಲಯನ್ ಕಿಂಗ್ ಕಥೆ ಇನ್ನೂ ಮಜಾ. 1995ರಲ್ಲಿ ಬಂತು, ಯುರೋಪಿನಲ್ಲಿ ಎನ್‌ಇಎಸ್‌ಗೆ ಬಂದ ಕೊನೆಯ ಅಧಿಕೃತ ಆಟ ಅದು. ಅದರಲ್ಲಿ ಆ ಮರಿ ಸಿಂಹ ಸಿಂಬ ದೊಡ್ಡವನಾಗುವುದೇ ಇಲ್ಲ. ಮರಿಯಾಗಿ ಆಡುವ ಸ್ಟೇಜ್‌ಗಳು ಮುಗಿದ ಕೂಡಲೇ ಆಟವೂ ಮುಗಿಯಿತು. ಅಪ್ಪನನ್ನು ಕೊಂದವನ ಮೇಲೆ ಸೇಡಿಲ್ಲ, ರಾಜ್ಯವಿಲ್ಲ. ಯಕ್ಷಗಾನದಲ್ಲಿ ಪ್ರಸಂಗ ಅರ್ಧಕ್ಕೆ ನಿಲ್ಲಿಸಿ ಮಂಗಳ ಹಾಡಿದ ಹಾಗೆ.

ಬಿಡಕಿಬೈಲ್ (ಬೆಳಿಗ್ಗೆ 10:30)

ಒಂದು ಸಂಶಯ. ನಾನು ಯೂಟ್ಯೂಬಿನಲ್ಲಿ ಎಂಟು ಬಿಟ್ಟಿನ ಆಟಗಳನ್ನು ನೋಡಿದರೆ ಎಲ್ಲ ಗಡಿಬಿಡಿಯಲ್ಲಿ ಓಡುತ್ತವೆ. ಸಂಗೀತವೂ ಬಸ್ಸು ತಪ್ಪಿದವರ ಹಾಗೆ. ನಮ್ಮ ಕಾಲದಲ್ಲಿ ನಿಧಾನ ಇತ್ತಲ್ಲ? ವಯಸ್ಸಾಯ್ತಾ ನನಗೆ?

ಬೈತಖೋಲ_ರಿಪೇರಿ (ಬೆಳಿಗ್ಗೆ 10:55)

ವಯಸ್ಸಾಗಿದೆ, ಆದರೆ ಕಾರಣ ಅದಲ್ಲ. ಜಪಾನ್, ಅಮೆರಿಕದ ಟಿವಿ ಸೆಕೆಂಡಿಗೆ 60 ಸಲ ಪರದೆ ಬರೆಯುತ್ತಿತ್ತು. ನಮ್ಮದು ಪ್ಯಾಲ್ ಎಂಬ ಟಿವಿ ಪದ್ಧತಿ, 50 ಸಲ. ಆಟದ ಗಡಿಯಾರವೇ ಅದು. ಅಲ್ಲಿ 60 ಹೆಜ್ಜೆ ಇಡುವ ಹೊತ್ತಿಗೆ ಇಲ್ಲಿ 50 ಹೆಜ್ಜೆ. ನಮ್ಮ ಮಾರಿಯೋ, ಕಾಂಟ್ರಾ ಎಲ್ಲ ಆರರಲ್ಲಿ ಐದು ಪಾಲು ವೇಗದಲ್ಲಿ ಓಡಿದವು. ಸಂಗೀತವೂ ಅಷ್ಟೇ.

ಯುರೋಪಿನದ್ದೂ ಪ್ಯಾಲ್. ಅಲ್ಲಿಗೆ ಮಾತ್ರ ಬಂದ ಅಲ್ಲಾದ್ದೀನ್, ಲಯನ್ ಕಿಂಗ್ 50ರ ಟಿವಿಗೆಂದೇ ಹೊರಬಂದವು. ಈಗ ಫೋನಿನ ಎಮ್ಯುಲೇಟರ್ ಸೆಟ್ಟಿಂಗ್ 60ರಲ್ಲಿ ಇಟ್ಟು ಆಡಿದರೆ ಅವು ಶೇಕಡಾ 20 ಜೋರಾಗಿ ಓಡುತ್ತವೆ. ಆಮೇಲೆ "ಈ ಪೋರ್ಟ್ (ಬೇರೆ ಯಂತ್ರಕ್ಕೆ ಇಳಿಸಿದ ಆಟ) ಆಡಲಿಕ್ಕೇ ಆಗೋದಿಲ್ಲ" ಅಂತ ಬೈಯುತ್ತಾರೆ. ಹೋಲಿಸುವ ಮೊದಲು ಸೆಟ್ಟಿಂಗಿನಲ್ಲಿ ಪ್ಯಾಲ್ ಮಾಡಿ. ಆಮೇಲೂ ಆಟ ಸಪ್ಪೆ ಅನಿಸಿದರೆ ಬೈಯಿರಿ, ನಾನೂ ಸೇರಿಕೊಳ್ಳುತ್ತೇನೆ.

ಅಘನಾಶಿನಿ_ತೀರ (ಬೆಳಿಗ್ಗೆ 11:20)

ಹೊಸಬರಿಗೆ ಒಂದು ಮಾಹಿತಿ. 2019ರಲ್ಲಿ ಅಲ್ಲಾದ್ದೀನ್, ಲಯನ್ ಕಿಂಗ್ ಎರಡನ್ನೂ ಸೇರಿಸಿ ಹೊಸ ಕನ್ಸೋಲ್‌ಗಳಿಗೆ ಬಿಟ್ಟರು. ಡಿಜಿಟಲ್ ಎಕ್ಲಿಪ್ಸ್ ಮಾಡಿದ್ದು. ತಪ್ಪಿದರೆ ಹಿಂದಕ್ಕೆ ಸುತ್ತಿಕೊಳ್ಳುವ ಸೌಕರ್ಯವೂ ಇದೆ. ಆದರೆ ಅದರಲ್ಲಿ ಕ್ಯಾಪ್‌ಕಾಮಿನ ಅಲ್ಲಾದ್ದೀನ್ ಇರಲಿಲ್ಲ! 2021ರಲ್ಲಿ ಜಂಗಲ್ ಬುಕ್ ಜೊತೆ ಸೇರಿಸಿದರು. ಎರಡು ವರ್ಷ ಕಾದೆ. ಮೊದಲನೇ ಸಲವೇ ಹಾಕಿದ್ದರೆ ಏನಾಗುತ್ತಿತ್ತೋ.

ಕೋಡಿಬಾಗದವರೇ, ಇಷ್ಟೆಲ್ಲ ಮಾತಾಡಿದ್ದು ಸಾಕು. ಕ್ಯಾಸೆಟ್ ಇದೆಯಾ ಇಲ್ಲವಾ?

ಕೋಡಿಬಾಗ_ಹುಡುಗ (ಭಾನುವಾರ, ಸಂಜೆ 6:05)

ಇದೆ! ಅಮ್ಮನನ್ನು ಕೇಳಿದೆ. ಮನೆ ರಿಪೇರಿ ಮಾಡಿಸಿದಾಗ ಹಳೇ ಸಾಮಾನೆಲ್ಲ ಶಿರಸಿಯ ಅತ್ತೆ ಮನೆ ಅಟ್ಟಕ್ಕೆ ಹೋಗಿತ್ತಂತೆ. ಭಾವ ಈಗಷ್ಟೇ ಫೋಟೋ ಕಳಿಸಿದರು. ಅಡಿಕೆ ಚೀಲದ ಹಿಂದೆ ರಟ್ಟಿನ ಪೆಟ್ಟಿಗೆ, ಅದರಲ್ಲಿ ಡಬ್ಬಿ, ಎರಡು ಕಂಟ್ರೋಲರ್, ನಾಲ್ಕು ಕ್ಯಾಸೆಟ್. ಬುಧವಾರ ಕಾರವಾರಕ್ಕೆ ಬರುವವರಿದ್ದಾರೆ, ತರುತ್ತಾರಂತೆ.

ಮತ್ತೆ ನೋಡಿ, ಅಲ್ಲಾದ್ದೀನ್ ಕ್ಯಾಸೆಟ್ಟಿನ ಸ್ಟಿಕ್ಕರ್ ಮೇಲೆ ಅವನು ಕತ್ತಿ ಎತ್ತಿಕೊಂಡು ನಿಂತಿದ್ದಾನೆ. ತಂಗಿಗೆ ಫೋಟೋ ಕಳಿಸಿದೆ. ಉತ್ತರ ಇಲ್ಲ.

ಗುಡ್ಡದ_ಮೇಲಿನವ (ಸಂಜೆ 6:30)

ಸ್ಟಿಕ್ಕರ್ ನಂಬಿದಿರಾ? ನನ್ನ ಕಾಂಟ್ರಾ ಕ್ಯಾಸೆಟ್ ಮೇಲೆ ಟರ್ಮಿನೇಟರ್ ಚಿತ್ರ ಇತ್ತು.

ಬೈತಖೋಲ_ರಿಪೇರಿ (ರಾತ್ರಿ 8:00)

ಬಂದ ಕೂಡಲೇ ಆನ್ ಮಾಡಬೇಡಿ. ದಯವಿಟ್ಟು ಊದಲೂ ಬೇಡಿ. ಊದಿದರೆ ಧೂಳು ಹೋಗುವುದಕ್ಕಿಂತ ಜಾಸ್ತಿ ಎಂಜಲು ಒಳಗೆ ಹೋಗುತ್ತದೆ. ನಮ್ಮ ಕಡಲ ಗಾಳಿಯಲ್ಲಿ ಮೊದಲೇ ಉಪ್ಪಿದೆ, ತಾಮ್ರಕ್ಕೆ ಹಸಿರು ಹಿಡಿಯಲು ಅಷ್ಟೇ ಸಾಕು. ಹಿಂದಿನ ಸ್ಕ್ರೂ ತೆಗೆದು ಬಿಚ್ಚಿ. ಒಳಗೆ ಪುಟ್ಟ ಹಸಿರು ಹಲಗೆ, ಅದರ ಮೇಲೆ ಚಿಪ್ಪಿನ ಬದಲು ಟಾರು ಹನಿ ಬಿದ್ದ ಹಾಗೆ ಕಪ್ಪು ಬೊಟ್ಟು ಇರುತ್ತದೆ. ಅದೇ ಆಟ, ಅದನ್ನು ಕೆರೆಯಬೇಡಿ. ಅಂಚಿನ 60 ಪಟ್ಟಿಗಳನ್ನು ಶಾಲೆಯ ಬಿಳಿ ರಬ್ಬರಿನಿಂದ ಉಜ್ಜಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ. ಹತ್ತಿ ಬೆಳ್ಳಗೆ ಬರುವ ತನಕ.

ಅಡಾಪ್ಟರ್ ಹಳೇದೇ ಇದ್ದರೂ ವೋಲ್ಟ್ ಅಳೆದು ನೋಡಿ. ಪ್ಲಸ್, ಮೈನಸ್ ಒಳಗೋ ಹೊರಗೋ ಎಂಬುದು ಡಬ್ಬಿಯಿಂದ ಡಬ್ಬಿಗೆ ಬೇರೆ. ಉಲ್ಟಾ ಕೊಟ್ಟು ಹೊಗೆ ಎಬ್ಬಿಸಿದವರು ನನ್ನ ಅಂಗಡಿಗೆ ಬೇಕಾದಷ್ಟು ಜನ ಬಂದಿದ್ದಾರೆ.

ಕೋಡಿಬಾಗ_ಹುಡುಗ (ಬುಧವಾರ, ರಾತ್ರಿ 11:40)

ಬಂತು. ಆಯಿತು. ಹೇಳುತ್ತೇನೆ.

ರಬ್ಬರ್ ಕಪ್ಪಾಯಿತು, ಹತ್ತಿ ಆರು ಉಂಡೆ ಹೋಯಿತು. ಮೊದಲ ಸಲ ಹಾಕಿದಾಗ ಪರದೆ ಪೂರ್ತಿ ಬೂದು. ಎರಡನೇ ಸಲ ಅಕ್ಷರಗಳು ಚೆಲ್ಲಾಪಿಲ್ಲಿ. ಮೂರನೇ ಸಲ ಕ್ಯಾಸೆಟ್ಟನ್ನು ಒಂದು ಕೂದಲಷ್ಟು ಮೇಲಕ್ಕೆ ಎತ್ತಿ ಕೂರಿಸಿದೆ. ಈ ಉಪಾಯ ಕೈಗೆ ನೆನಪಿತ್ತು, ತಲೆಗೆ ಇರಲಿಲ್ಲ. ಸಂಗೀತ ಶುರುವಾಯಿತು.

ಕತ್ತಿ ಇಲ್ಲ.

ಬಿ ಒತ್ತಿದೆ, ಎ ಒತ್ತಿದೆ, ಎರಡೂ ಒಟ್ಟಿಗೆ ಒತ್ತಿದೆ. ಇಲ್ಲವೇ ಇಲ್ಲ. ತಲೆ ಮೇಲೆ ಹಾರಿದರೆ ಕಾವಲುಗಾರ ಬೀಳುತ್ತಾನೆ, ಇವನು ಚಿಮ್ಮುತ್ತಾನೆ. ಅಘನಾಶಿನಿಯವರು ಹೇಳಿದ ವಂಶವೇ. ತಂಗಿ ಹೇಳಿದ್ದೇ ಸರಿ.

ನನ್ನ ತಲೆಗೆ ಕತ್ತಿ ಎಲ್ಲಿಂದ ಬಂತು ಅಂತ ಯೋಚಿಸಿದೆ. ಬಿಡಕಿಬೈಲಿನವರ ಕಂಪ್ಯೂಟರ್ ಕ್ಲಾಸಿನ ಕಥೆ ಓದುವಾಗಲೇ ಏನೋ ಚುಚ್ಚಿತ್ತು. ರಜೆಗೆ ಶಿರಸಿಗೆ ಹೋದಾಗ ಇದೇ ಭಾವ ನನ್ನನ್ನು ಅಂಥದ್ದೇ ಒಂದು ಕ್ಲಾಸಿಗೆ ಕರೆದುಕೊಂಡು ಹೋಗಿದ್ದರು. ಹಿಂದೆ ನಿಂತು ನೋಡಿದ್ದು, ಆಡಲು ಕೊಟ್ಟಿರಲಿಲ್ಲ. ಅದು ಡಾಸಿನದ್ದು. ಅಲ್ಲಿ ನೋಡಿದ ಕತ್ತಿಯನ್ನು ಮನೆಗೆ ಬಂದು ನಮ್ಮ ಅಲ್ಲಾದ್ದೀನನ ಕೈಗೆ ನಾನೇ ಕೊಟ್ಟುಬಿಟ್ಟಿದ್ದೇನೆ. ಸ್ಟಿಕ್ಕರ್ ಸಾಕ್ಷಿ ಹೇಳಿತು.

ಬೈತಖೋಲದವರ ಮಿನುಗುವ ಲೆಕ್ಕ ಪರೀಕ್ಷಿಸಿದೆ. ಇಬ್ಬರು ಕಾವಲುಗಾರರು ಒಂದೇ ಕಟ್ಟೆ ಮೇಲೆ ಬರುವ ತನಕ ಕಾದು, ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದೆ. ನಿಧಾನಕ್ಕೆ ಓಡಿಸಿದರೆ ಒಂದು ಚಿತ್ರದಲ್ಲಿ ಹಿಂದಿನವನಿಗೆ ಹೊಟ್ಟೆಯೇ ಇಲ್ಲ, ತಲೆ ಮತ್ತು ಕಾಲು ಮಾತ್ರ ನಡೆಯುತ್ತಿವೆ. ಮುಂದಿನದರಲ್ಲಿ ಅವನಿಗೆ ಹೊಟ್ಟೆ ಬಂತು, ಅಲ್ಲಾದ್ದೀನನ ಅರ್ಧ ಮೈ ಹೋಯಿತು. ಮಗ ಬಿದ್ದು ಬಿದ್ದು ನಕ್ಕ. ಆಟಕ್ಕಿಂತ ಆ ವಿಡಿಯೋ ಜಾಸ್ತಿ ಸಲ ನೋಡಿದ್ದಾನೆ.

ಹೋಲಿಕೆ ಕೇಳಿದ್ದಿರಲ್ಲ. ಮೆಗಾ ಡ್ರೈವಿನದ್ದರ ಎದುರು ಇದು ಬಡವ. ಬಣ್ಣ ಸಪ್ಪೆ, ಪೇಟೆಯಲ್ಲಿ ಪೇಟೆಯ ಗದ್ದಲ ಇಲ್ಲ. ಆದರೆ ಹಾರುವುದು ಕೈಗೆ ಹತ್ತುತ್ತದೆ. ಮಗನಿಗೆ ಎರಡೂ ಕೊಟ್ಟೆ. ಮೆಗಾ ಡ್ರೈವಿನದ್ದು ನೋಡುತ್ತಾ ಕೂತ, ಇದನ್ನು ಬಿಡದೆ ಆಡಿದ.

ಮಲ್ಲಾಪುರ_ಕಾಲೋನಿ (ರಾತ್ರಿ 11:52)

ಮಗನನ್ನು ಒಂದು ದಿನ ನಮ್ಮನೆಗೆ ಕಳಿಸಿ. ದೊಡ್ಡ ಟಿವಿ, ಸರಿಯಾದ ಕಂಟ್ರೋಲರ್ ಕೊಟ್ಟು ಆಡಿಸುತ್ತೇನೆ. ಫೋನಿನ ಗಾಜು ಉಜ್ಜಿ ಮೆಗಾ ಡ್ರೈವಿನ ಬಗ್ಗೆ ತೀರ್ಪು ಕೊಡೋದು ನ್ಯಾಯ ಅಲ್ಲ.

ಅಘನಾಶಿನಿ_ತೀರ (ಗುರುವಾರ, ಬೆಳಿಗ್ಗೆ 6:50)

ತಂಗಿಗೆ ಹೇಳಿದಿರಾ?

ಕೋಡಿಬಾಗ_ಹುಡುಗ (ಬೆಳಿಗ್ಗೆ 8:15)

ಹೇಳಿದೆ. "ಅಲ್ಲಾದ್ದೀನ್ ಬಿಡು, ಕಾಂಟ್ರಾ ಇದೆಯಾ?" ಅಂದಳು. ಭಾನುವಾರ ಕುಮಟಾದಿಂದ ಬರುತ್ತಾಳಂತೆ. ತೊಂದರೆ ಏನೆಂದರೆ ಎರಡನೇ ಕಂಟ್ರೋಲರಿನ ವೈರನ್ನು ಅಟ್ಟದಲ್ಲಿ ಇಲಿ ಕಡಿದಿದೆ. ಒಳಗೆ ಐದು ತಂತಿ ಕಾಣುತ್ತಿದೆ. ಬೈತಖೋಲದವರೇ, ಬಣ್ಣ ನೋಡಿ ಜೋಡಿಸಿದರೆ ಆಗುತ್ತಾ?

ಬೈತಖೋಲ_ರಿಪೇರಿ (ಬೆಳಿಗ್ಗೆ 8:40)

ಕಡಿದ ಎರಡು ತುದಿಯಲ್ಲೂ ಅದದೇ ಬಣ್ಣ ಇದ್ದರೆ ಬಣ್ಣಕ್ಕೆ ಬಣ್ಣ ಸೇರಿಸಿ. ಬೇರೆ ಕಂಟ್ರೋಲರಿನ ವೈರ್ ಕತ್ತರಿಸಿ ಹಾಕುವುದಾದರೆ ಬಣ್ಣ ನಂಬಬೇಡಿ, ಒಬ್ಬೊಬ್ಬರು ಒಂದೊಂದು ಬಣ್ಣ ಹಾಕಿದ್ದಾರೆ. 5 ವೋಲ್ಟ್, ಗ್ರೌಂಡ್, ಕ್ಲಾಕ್, ಲ್ಯಾಚ್, ಡೇಟಾ, ಇಷ್ಟೇ ಇರುವುದು. ಮಲ್ಟಿಮೀಟರ್ ಇಲ್ಲದಿದ್ದರೆ ಶನಿವಾರ ಸಂಜೆಯೊಳಗೆ ತನ್ನಿ, ಭಾನುವಾರ ನಾನು ಗಾಳ ಹಾಕಲು ಹೋಗುತ್ತೇನೆ. ಬರುವಾಗ ಅಲ್ಲಾದ್ದೀನ್ ಕ್ಯಾಸೆಟ್ಟನ್ನೂ ತನ್ನಿ. ಆ ಕಪ್ಪು ಬೊಟ್ಟು ಒಮ್ಮೆ ನೋಡಬೇಕು.